ಬ್ಯಾಡಗಿಯ ತೂಕದ ಪ್ರೋಗ್ರಾಮ್: ಕಿಟಕಿ ಕ್ಲಾಸುಗಳ ರಿಪೇರಿ ದಾಖಲೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಕ ಬರೆದುಕೊಳ್ಳುವ ಪ್ರೋಗ್ರಾಮ್ ಒಂದಿದೆ. ಪೈಥಾನ್‌ನಲ್ಲಿ, ಪೈಕ್ಯೂಟಿ5 (ಕಿಟಕಿ, ಬಟನ್ನು ಮಾಡುವ ಕ್ಯೂಟಿ ಎಂಬ ಸಿ++ ಲೈಬ್ರರಿಯನ್ನು ಪೈಥಾನ್‌ಗೆ ತಂದದ್ದು) ಹಿಡಿದು ಬರೆದದ್ದು. ಎಲೆಕ್ಟ್ರಾನಿಕ್ ಕಾಟಾದಿಂದ ಸೀರಿಯಲ್ ಕೇಬಲ್ಲಿನಲ್ಲಿ ತೂಕ ಬರುತ್ತದೆ. ಗುಮಾಸ್ತರು ಲಾಟ್ ನಂಬರ್, ರೈತರ ಹೆಸರು, ತಳಿ, ದರ ಹಾಕುತ್ತಾರೆ. ಕೊನೆಗೆ ರೈತರ ಕೈಗೆ ಹೋಗುವ ಪಟ್ಟಿ ಪ್ರಿಂಟ್ ಆಗುತ್ತದೆ. ಮೊದಲು ಬರೆದವರು ಈಗ ಬೇರೆ ಊರಲ್ಲಿದ್ದಾರೆ, ಹಾಗಾಗಿ ಸರಿಪಡಿಸುವ ಕೆಲಸ ಹುಬ್ಬಳ್ಳಿಯಲ್ಲಿರುವ ನನ್ನ ಕಡೆ ಬಂತು. ಏನು ಮಾಡಿದೆ, ಯಾಕೆ ಮಾಡಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಿಟಕಿ, ಬಟನ್ನುಗಳ ಕ್ಲಾಸ್ (ಆಬ್ಜೆಕ್ಟುಗಳನ್ನು ಹುಟ್ಟಿಸುವ ಅಚ್ಚು) ಬರೆಯಲು ಈಗಷ್ಟೇ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಲಿ ಎಂಬ ಆಸೆ ನನ್ನದು.

ಅಂಗಡಿಯವರ ದೂರುಗಳು ಹೀಗಿದ್ದವು. ಕಾಟಾ ಬಂದ್ ಇದ್ದರೆ ಪ್ರೋಗ್ರಾಮ್ ತೆರೆಯುವುದೇ ಇಲ್ಲ. ಕೆಲವೊಮ್ಮೆ ಒಂದೇ ಚೀಲ ಎರಡು ಸಲ ದಾಖಲಾಗುತ್ತದೆ. ದರದ ಪೆಟ್ಟಿಗೆಯಲ್ಲಿ ತಪ್ಪು ಅಂಕಿ ಹೊಡೆದರೆ ಅಳಿಸಲು ಬರುವುದಿಲ್ಲ. ಎರಡು ಕಾಟಾ ಹಚ್ಚಿದರೆ ಒಂದರ ಚೀಲ ಇನ್ನೊಂದರ ಲೆಕ್ಕದಲ್ಲಿ ಬಂದು ಕೂಡುತ್ತದೆ. ಇವೆಲ್ಲದರ ಮೇಲೆ, ಕೆಲಸದ ನಡುವೆ ಇಡೀ ಕಿಟಕಿಯೇ ಮಾಯವಾಗುತ್ತದೆ. ಗುಮಾಸ್ತರು ಫೋನಿನಲ್ಲಿ ಹೇಳಿದರು: “ಏನೂ ಹೇಳೂದಿಲ್ರಿ ಸರ್ರ, ಸುಮ್ನ ಬಂದ್ ಆಗಿಬಿಡ್ತೈತಿ. ಹೊರಗ ರೈತರು ನಿಂತಿರ್ತಾರ, ನಾವೇನ್ ಮಾಡೂದ್ರಿ?”

ಬ್ಯಾಡಗಿಯ ಮಾರುಕಟ್ಟೆ ದಿನ ಸೋಮವಾರ ಮತ್ತು ಗುರುವಾರ. ಆ ದಿನ ಅಲ್ಲಿನ ಕಂಪ್ಯೂಟರ್ ಮುಟ್ಟುವ ಮಾತೇ ಇಲ್ಲ. ಉಳಿದ ದಿನಗಳಲ್ಲಿ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಅಂಗಡಿಯಲ್ಲಿ ಕೂತು ನೋಡಿ, ಹುಬ್ಬಳ್ಳಿಗೆ ಬಂದು ಪ್ರತಿಯ ಮೇಲೆ ಕೆಲಸ ಮಾಡುವುದು ಎಂದು ಇಟ್ಟುಕೊಂಡೆ. ಅಂಗಡಿಯಲ್ಲಿರುವುದು ವಿಂಡೋಸ್ 7. ಅದರಲ್ಲಿ ಓಡುವ ಕೊನೆಯ ಪೈಥಾನ್ ಆವೃತ್ತಿ 3.8. ಹೊಸ ಕಂಪ್ಯೂಟರ್ ಬರುವ ತನಕ ಪೈಕ್ಯೂಟಿ5ರಲ್ಲೇ ದಾರಿ ಹುಡುಕಬೇಕಿತ್ತು.

ಎರರ್ ಕಣ್ಣಿಗೆ ಬೀಳಲಿ

ಕಿಟಕಿ ಯಾಕೆ ಮಾಯವಾಗುತ್ತದೆ ಎಂಬುದು ತಿಳಿಯದೆ ಬೇರೆ ಯಾವುದನ್ನು ಮುಟ್ಟಿದರೂ ಕತ್ತಲಲ್ಲಿ ತಡಕಾಡಿದಂತೆಯೇ. ಪೈಕ್ಯೂಟಿ 5.5ರಿಂದ ಈಚೆಗೆ, ಸ್ಲಾಟ್ (ಬಟನ್ ಒತ್ತಿದಂಥ ಸುದ್ದಿ, ಅಂದರೆ ಸಿಗ್ನಲ್, ಬಂದಾಗ ಓಡುವ ಫಂಕ್ಷನ್) ಒಳಗೆ ಹುಟ್ಟಿದ ಎಕ್ಸೆಪ್ಶನ್ನನ್ನು (ಓಡುವಾಗ ಬರುವ ಎರರ್) ಯಾರೂ ಹಿಡಿಯದಿದ್ದರೆ ಇಡೀ ಪ್ರೋಗ್ರಾಮನ್ನೇ ಅಬಾರ್ಟ್ ಮಾಡಲಾಗುತ್ತದೆ, ಅಂದರೆ ತಟ್ಟನೆ ನಿಲ್ಲಿಸಲಾಗುತ್ತದೆ. ಇಲ್ಲಿ ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಕನ್ಸೋಲ್ ಇಲ್ಲದ ಪೈಥಾನನ್ನು ಓಡಿಸುತ್ತಿತ್ತು. ಎರರ್ ಸಂದೇಶ ಬರುತ್ತಿತ್ತು, ಓದುವವರು ಮಾತ್ರ ಯಾರೂ ಇರಲಿಲ್ಲ. ಸಿಸ್ ಮಾಡ್ಯೂಲಿನ ಎಕ್ಸೆಪ್ಟ್‌ಹುಕ್‌ಗೆ (ಯಾರೂ ಹಿಡಿಯದ ಎಕ್ಸೆಪ್ಶನ್ ಬಂದಾಗ ಪೈಥಾನ್ ಕರೆಯುವ ಜಾಗ) ನನ್ನದೊಂದು ಫಂಕ್ಷನ್ ಕಟ್ಟಿದೆ. ಟ್ರೇಸ್‌ಬ್ಯಾಕ್ (ಎರರ್ ಯಾವ ಸಾಲಿನಲ್ಲಿ, ಯಾವ ದಾರಿಯಲ್ಲಿ ಬಂತು ಎಂಬ ವಿವರ) ಇಡಿಯಾಗಿ ಒಂದು ಫೈಲಿಗೆ ಹೋಗುತ್ತದೆ, ಪರದೆಯ ಮೇಲೆ “ದೋಷ ದಾಖಲಾಗಿದೆ” ಎಂಬ ಸಂದೇಶ ಬರುತ್ತದೆ. ಹೀಗೆ ಹುಕ್ ಹಾಕಿದ್ದರೆ ಪೈಕ್ಯೂಟಿ ಅಬಾರ್ಟ್ ಮಾಡದೆ ಅದನ್ನೇ ಕರೆದು ಮುಂದುವರಿಯುತ್ತದೆ. ಮುಂದಿನ ಮಾರುಕಟ್ಟೆ ದಿನ ಮುಗಿಯುವಷ್ಟರಲ್ಲಿ ಫೈಲ್ ತುಂಬಿತ್ತು. ಅರ್ಧಕ್ಕಿಂತ ಹೆಚ್ಚು ಎರರ್‌ಗಳು ಆಬ್ಜೆಕ್ಟ್ ಇನ್ನೂ ಹುಟ್ಟುತ್ತಿರುವಾಗಲೇ ಆಗುತ್ತಿದ್ದವು. ಹಾಗಾಗಿ ರಿಪೇರಿಯನ್ನು, ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಆದ ಇನಿಟ್‌ನಿಂದಲೇ ಶುರು ಮಾಡಿದೆ.

ಇನಿಟ್ ಒಳಗಿನ ಕ್ರಮ

ಹಳೆಯ ಕೋಡಿನಲ್ಲಿ ‘ಮೂಲಪರದೆ’ ಎಂಬ ಕ್ಲಾಸ್ ಇತ್ತು, ಪರದೆಯ ಮೇಲೆ ಕಾಣುವ ಎಲ್ಲ ವಸ್ತುಗಳ (ವಿಜೆಟ್ಟುಗಳ) ಮೂಲ ಕ್ಲಾಸ್ ಆದ ಕ್ಯೂವಿಜೆಟ್‌ನ ಸಬ್‌ಕ್ಲಾಸ್. ಅದರ ಇನಿಟ್ ಮೂರು ಮೆಥಡ್ ಕರೆಯುತ್ತಿತ್ತು: ಪರದೆ ಕಟ್ಟು, ಮಾಹಿತಿ ತುಂಬು, ಸಿಗ್ನಲ್ ಜೋಡಿಸು. ತೂಕದ ಪರದೆ, ಟೆಂಡರ್ ಪರದೆ, ಪಟ್ಟಿಯ ಪರದೆ ಇವೆಲ್ಲ ಅದರಿಂದ ಇಳಿದು ಬಂದವು. ಪ್ರತಿಯೊಂದೂ ‘ಮಾಹಿತಿ ತುಂಬು’ ಮೆಥಡನ್ನು ತನಗೆ ಬೇಕಾದಂತೆ ಬದಲಿಸಿಕೊಂಡಿತ್ತು. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ತೂಕದ ಪರದೆಯ ಇನಿಟ್ ಮೊದಲು ಸೂಪರ್ ಮೂಲಕ ಮೂಲ ಕ್ಲಾಸಿನ ಇನಿಟ್ ಕರೆಯುತ್ತದೆ, ಆಮೇಲೆ ‘ಸೆಲ್ಫ್.ಲಾಟ್’ಗೆ (ಆ ಆಬ್ಜೆಕ್ಟಿನದೇ ಆದ ಲಾಟ್) ಬೆಲೆ (ವ್ಯಾಲ್ಯೂ) ಕೊಡುತ್ತದೆ. ಮೂಲ ಇನಿಟ್ ಒಳಗಿಂದ ‘ಮಾಹಿತಿ ತುಂಬು’ ಎಂದು ಕರೆದಾಗ ಪೈಥಾನ್ ಹುಡುಕಿ ಓಡಿಸುವುದು ಸಬ್‌ಕ್ಲಾಸಿನ ಮೆಥಡನ್ನು. ಅದು ಕೇಳುವುದು ಲಾಟನ್ನು, ಲಾಟ್ ಇನ್ನೂ ಹುಟ್ಟಿಲ್ಲ. ಫಲ, ಅಟ್ರಿಬ್ಯೂಟ್ ಎರರ್.

ಸಿ++ ಓದಿ ಬಂದವರಿಗೆ ಇದು ಬೇಗ ಹೊಳೆಯುವುದಿಲ್ಲ. ಅಲ್ಲಿ ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ನಡೆಯುತ್ತಿರುವಾಗ ವರ್ಚುವಲ್ ಫಂಕ್ಷನ್ ಕರೆದರೆ ಮೂಲ ಕ್ಲಾಸಿನದೇ ಓಡುತ್ತದೆ, ಕೆಳಗಿನ ಕ್ಲಾಸಿನದಲ್ಲ. ಪೈಥಾನ್‌ನಲ್ಲಿ ಕೆಳಗಿನದೇ ಓಡುತ್ತದೆ. ಹಿಂದೆ ಬರೆದವರು ಇದನ್ನು ತಪ್ಪಿಸಲು ಸೂಪರ್ ಕರೆಯುವುದಕ್ಕೂ ಮುಂಚೆ ‘ಸೆಲ್ಫ್.ಲಾಟ್’ಗೆ ನನ್ (ಏನೂ ಇಲ್ಲ ಎಂಬ ಬೆಲೆ) ಎಂದು ಹಾಕಿ, ಉಳಿದ ಕಡೆ “ಈ ಅಟ್ರಿಬ್ಯೂಟ್ ಇದೆಯೇ” ಎಂದು ಕೇಳುತ್ತ ಹೋಗಿದ್ದರು. ಸಾದಾ ಬೆಲೆಗಳಿಗೆ ಅದು ನಡೆಯುತ್ತದೆ. ಸೂಪರ್‌ಗಿಂತ ಮುಂಚೆ ಕ್ಯೂವಿಜೆಟ್‌ನ ಒಂದು ಮೆಥಡ್ ಕರೆದು ನೋಡಿ, ಮೂಲ ಕ್ಲಾಸಿನ ಇನಿಟ್ ಕರೆದೇ ಇಲ್ಲ ಎಂದು ರನ್‌ಟೈಮ್ ಎರರ್ ಬರುತ್ತದೆ. ಪೈಥಾನ್ ಬದಿಯ ಆಬ್ಜೆಕ್ಟ್ ಇದೆ, ಅದರ ಹಿಂದಿನ ಸಿ++ ಆಬ್ಜೆಕ್ಟ್ ಇನ್ನೂ ಇಲ್ಲ.

ನಾನು ಆ ಮೂರು ಕರೆಗಳನ್ನು ಮೂಲ ಇನಿಟ್‌ನಿಂದ ಕಿತ್ತುಹಾಕಿದೆ. ಸಬ್‌ಕ್ಲಾಸ್ ಬದಲಿಸಬಹುದಾದ ಯಾವ ಮೆಥಡನ್ನೂ ಮೂಲ ಕ್ಲಾಸಿನ ಇನಿಟ್ ಕರೆಯಬಾರದು. ಆಮೇಲೆ ಎಲ್ಲ ಪರದೆಗಳ ಇನಿಟ್ ಒಂದೇ ಕ್ರಮಕ್ಕೆ ತಂದೆ. ಮಾರುಕಟ್ಟೆಯಲ್ಲಿ ಚೀಲ ಇಳಿಯದೆ ಲಾಟ್ ಇಲ್ಲ, ಲಾಟ್ ಇಲ್ಲದೆ ಟೆಂಡರ್ ಇಲ್ಲ, ಟೆಂಡರ್ ಆಗದೆ ತೂಕ ಇಲ್ಲ. ಇನಿಟ್‌ಗೂ ಅಂಥದೇ ಬಿಗಿ ಬೇಕು. ಮೊಟ್ಟಮೊದಲ ಸಾಲು ಸೂಪರ್, ಪೇರೆಂಟ್ ವಿಜೆಟ್ಟನ್ನು ಅದಕ್ಕೆ ದಾಟಿಸಿ. ನಂತರ ಲಾಟ್, ದರ, ಚೀಲಗಳ ಪಟ್ಟಿಯಂಥ ತನ್ನ ಸ್ವಂತ ಬೆಲೆಗಳು. ನಂತರ ಮಕ್ಕಳ ವಿಜೆಟ್ಟುಗಳು ಮತ್ತು ಲೇಔಟ್. ಆಮೇಲೆ ಅವುಗಳ ಆರಂಭದ ಸ್ಥಿತಿ. ಸಿಗ್ನಲ್ ಜೋಡಿಸುವುದು ಕಟ್ಟಕಡೆಗೆ. ಡೇಟಾಬೇಸ್, ಕಾಟಾ, ಪ್ರಿಂಟರ್ ಇವಕ್ಕೆ ಇನಿಟ್ ಒಳಗೆ ಪ್ರವೇಶವೇ ಇಲ್ಲ.

ಸಿಗ್ನಲ್ ಯಾಕೆ ಕಡೆಗೆ? ತಳಿಯ ಕಾಂಬೊಬಾಕ್ಸ್ (ಒತ್ತಿದರೆ ಆಯ್ಕೆಗಳ ಸಾಲು ತೆರೆಯುವ ಪೆಟ್ಟಿಗೆ) ನೋಡಿ. ಅದರಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಎಂದು ಹೆಸರುಗಳಿವೆ. ಖಾಲಿ ಕಾಂಬೊಬಾಕ್ಸಿನ ಆಯ್ಕೆ ಸಂಖ್ಯೆ ಮೈನಸ್ ಒಂದು. ಮೊದಲ ಹೆಸರು ಸೇರಿಸಿದ ಕೂಡಲೇ ಅದು ತಾನಾಗಿ ಸೊನ್ನೆಗೆ ಬಂದು ‘ಆಯ್ಕೆ ಬದಲಾಯಿತು’ ಎಂಬ ಸಿಗ್ನಲ್ ಹೊರಡುತ್ತದೆ. ಹಳೆಯ ಕೋಡ್ ಮೊದಲೇ ಸಿಗ್ನಲ್ ಜೋಡಿಸಿ ಆಮೇಲೆ ಹೆಸರು ತುಂಬುತ್ತಿತ್ತು. ಸ್ಲಾಟ್ ಓಡಿ ದರದ ಲೇಬಲ್ ಹುಡುಕುತ್ತಿತ್ತು, ಲೇಬಲ್ ಹುಟ್ಟುವುದು ಇನ್ನೂ ಹತ್ತು ಸಾಲು ಕೆಳಗೆ. ತುಂಬಿ ಮುಗಿದ ಮೇಲೆ ಜೋಡಿಸಿದರೆ ಈ ಪೇಚು ಇಲ್ಲ. ಕೆಲಸದ ನಡುವೆ ಮತ್ತೆ ತುಂಬಬೇಕಾದಾಗ ಕ್ಯೂಸಿಗ್ನಲ್‌ಬ್ಲಾಕರ್ ಹಾಕಿ (ಅದು ಇರುವ ತನಕ ಸಿಗ್ನಲ್ ಹೊರಡುವುದಿಲ್ಲ), ತೆಗೆದ ಮೇಲೆ ಸ್ಲಾಟನ್ನು ಒಮ್ಮೆ ನಾವೇ ಕರೆಯಬೇಕು. ಇಲ್ಲದಿದ್ದರೆ ಪರದೆಯಲ್ಲಿ ಹಳೆಯ ತಳಿಯ ದರವೇ ನಿಂತಿರುತ್ತದೆ.

ಅದೇ ಜಾಗದಲ್ಲಿ ಇನ್ನೊಂದು ಬದಲಾವಣೆ ಮಾಡಿದೆ. ಯಾರೂ ಆರಿಸದೆಯೇ ‘ಡಬ್ಬಿ’ ಆಯ್ಕೆಯಾಗಿ ಕೂರುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಡಬ್ಬಿಗೂ ಗುಂಟೂರು ಕಾಯಿಗೂ ದರದಲ್ಲಿ ಬಹಳ ಅಂತರ. ಗುಮಾಸ್ತರ ಕೈ ತಾಗದೆ ಪಟ್ಟಿಯ ಮೇಲೆ ತಳಿಯ ಹೆಸರು ಬೀಳುವುದು ಸರಿಯಲ್ಲ. ಹೆಸರು ತುಂಬಿದ ಮೇಲೆ ಆಯ್ಕೆಯನ್ನು ಮತ್ತೆ ಮೈನಸ್ ಒಂದಕ್ಕೆ ಇಳಿಸಿದೆ. ತಳಿ ಆರಿಸದ ಹೊರತು ಉಳಿಸುವ ಬಟನ್ ತೆರೆಯುವುದಿಲ್ಲ. ಆರಂಭದ ಸ್ಥಿತಿ ಏನಿರಬೇಕು ಎಂಬುದು ಲೈಬ್ರರಿಯ ಡಿಫಾಲ್ಟಿಗೆ ಬಿಡುವ ವಿಷಯವಲ್ಲ, ಪ್ರೋಗ್ರಾಮ್ ಬರೆಯುವವರು ಯೋಚಿಸಿ ತೀರ್ಮಾನಿಸಬೇಕಾದದ್ದು.

ಎರಡು ಸಲ ಬೀಳುವ ಚೀಲ

ಇದರ ಮೇಲೆ ನನಗೆ ಹೆಚ್ಚು ಕಾಳಜಿ ಇತ್ತು, ಇದು ನೇರವಾಗಿ ರೈತರ ಮತ್ತು ಖರೀದಿದಾರರ ದುಡ್ಡಿನ ವಿಷಯ. ಗುಮಾಸ್ತರು ಪಟ್ಟಿಯನ್ನು ಕೈಬರಹದ ವಹಿಯ ಜೊತೆ ತಾಳೆ ನೋಡಿ ಹೆಚ್ಚಿನ ಸಾಲು ಹೊಡೆದುಹಾಕುತ್ತಿದ್ದರು. “ನಾ ಕುಂತಾಗ ಆಗೂದಿಲ್ರಿ, ಆ ಹುಡುಗ ಕುಂತಾಗ ಅಷ್ಟ ಆಗ್ತೈತಿ” ಎಂದರು. ಆ ಮಾತೇ ದಾರಿ ತೋರಿಸಿತು. ಇಬ್ಬರ ಪಕ್ಕದಲ್ಲೂ ಕೂತು ಕೈ ನೋಡಿದೆ. ಗುಮಾಸ್ತರು ಎಂಟರ್ ಒತ್ತುತ್ತಾರೆ, ಹುಡುಗ ಮೌಸಿನಲ್ಲಿ ‘ಉಳಿಸು’ ಬಟನ್ ಒತ್ತುತ್ತಾನೆ.

ಪರದೆಯನ್ನು ಕ್ಯೂಟಿಯ ಪರದೆ ಚಿತ್ರಿಸುವ ಸಾಧನವಾದ ಡಿಸೈನರ್‌ನಲ್ಲಿ ಎಳೆದು ಮಾಡಲಾಗಿತ್ತು. ಡಿಸೈನರ್ ಫೈಲಿನಿಂದ ಹುಟ್ಟುವ ಪೈಥಾನ್ ಕೋಡಿನ ‘ಸೆಟಪ್‌ಯುಐ’ ತನ್ನ ಕೊನೆಯಲ್ಲಿ ‘ಕನೆಕ್ಟ್‌ಸ್ಲಾಟ್ಸ್‌ಬೈನೇಮ್’ ಎಂಬುದನ್ನು ಕರೆಯುತ್ತದೆ. ‘ಆನ್’, ವಿಜೆಟ್ಟಿನ ಹೆಸರು, ಸಿಗ್ನಲಿನ ಹೆಸರು, ಇವು ಮೂರನ್ನೂ ಅಂಡರ್‌ಸ್ಕೋರ್ ಹಾಕಿ ಸೇರಿಸಿದ ಹೆಸರಿನ ಮೆಥಡ್ ಕಂಡರೆ ಅದನ್ನು ತಾನೇ ಜೋಡಿಸಿಬಿಡುತ್ತದೆ. ಇಲ್ಲಿ ಅಂಥ ಮೆಥಡ್ ಇತ್ತು, ಸ್ಲಾಟ್ ಎಂದು ಗುರುತೂ ಹಾಕಿತ್ತು. ಕೆಳಗೆ ಇನಿಟ್‌ನಲ್ಲಿ ಅದೇ ಬಟನ್ನನ್ನು ಅದೇ ಮೆಥಡ್‌ಗೆ ಕೈಯಾರೆ ಇನ್ನೊಮ್ಮೆ ಜೋಡಿಸಿತ್ತು. ಒಂದು ಕ್ಲಿಕ್, ಎರಡು ಓಟ. ಎಂಟರ್ ಕೀಲಿಯ ದಾರಿ ಬೇರೆ, ಅದು ಒಂದೇ ಸಲ ಕರೆಯುತ್ತಿತ್ತು.

ಮೆಥಡಿನ ಹೆಸರು ‘ಚೀಲ ಉಳಿಸು’ ಎಂದು ಬದಲಿಸಿದೆ, ಕೈಯಾರೆ ಮಾಡಿದ ಜೋಡಣೆ ಮಾತ್ರ ಉಳಿಸಿಕೊಂಡೆ. ಹೆಸರಿನ ಮೇಲೆ ತಾನಾಗಿ ಆಗುವ ಜೋಡಣೆ ನನಗೆ ಒಗ್ಗುವುದಿಲ್ಲ. ಯಾವುದು ಎಲ್ಲಿಗೆ ಜೋಡಿಸಿದೆ ಎಂಬುದು ಇನಿಟ್‌ನ ಕೊನೆಯಲ್ಲಿ ಒಂದೇ ಕಡೆ ಓದಲು ಸಿಗಬೇಕು. ಹುಟ್ಟಿಸಿದ ಫೈಲನ್ನೂ ಯಾರೋ ಕೈಯಾರೆ ತಿದ್ದಿದ್ದರು. ಮತ್ತೊಮ್ಮೆ ಹುಟ್ಟಿಸಿದರೆ ತಿದ್ದಿದ್ದೆಲ್ಲ ಹೋಗುತ್ತದೆ ಎಂಬ ಎಚ್ಚರಿಕೆ ಆ ಫೈಲಿನ ತಲೆಯಲ್ಲೇ ಇರುತ್ತದೆ. ತಿದ್ದುಪಡಿಗಳನ್ನೆಲ್ಲ ತೂಕದ ಪರದೆಯ ಕ್ಲಾಸಿಗೆ ತಂದು, ಸೂಪರ್ ಆದ ಮೇಲೆ ಸೆಟಪ್‌ಯುಐ, ಅದರ ನಂತರ ನಮ್ಮ ಕೋಡ್ ಎಂದು ಇಟ್ಟೆ.

ದರದ ಪೆಟ್ಟಿಗೆ

ಒಂದು ಸಾಲು ಬರೆಯುವ ಪೆಟ್ಟಿಗೆಯಾದ ಕ್ಯೂಲೈನ್‌ಎಡಿಟ್‌ನ ಸಬ್‌ಕ್ಲಾಸ್ ಮಾಡಿ, ಕೀಲಿ ಒತ್ತಿದಾಗ ಬರುವ ‘ಕೀಪ್ರೆಸ್‌ಈವೆಂಟ್’ ಅನ್ನು ಬದಲಿಸಲಾಗಿತ್ತು. ಅಂಕಿ ಆದರೆ ಸೂಪರ್‌ಗೆ ಕಳಿಸು, ಅಲ್ಲದಿದ್ದರೆ ಸುಮ್ಮನಿರು. ಹಾಗಾಗಿ ಬ್ಯಾಕ್‌ಸ್ಪೇಸ್, ಬಾಣದ ಕೀಲಿಗಳು, ಕಂಟ್ರೋಲ್ ವಿ ಎಲ್ಲ ಸತ್ತುಹೋಗಿದ್ದವು. ಟ್ಯಾಬ್ ಮಾತ್ರ ನಡೆಯುತ್ತಿತ್ತು, ಅದನ್ನು ‘ಈವೆಂಟ್’ ಮೆಥಡ್ ಕೀಪ್ರೆಸ್‌ಗಿಂತ ಮುಂಚೆಯೇ ನೋಡಿಕೊಳ್ಳುತ್ತದೆ. ಮಾಡಿದ ಉದ್ದೇಶವೂ ಈಡೇರಿರಲಿಲ್ಲ. ಮೌಸಿನ ಬಲಗುಂಡಿ ಒತ್ತಿ ಪೇಸ್ಟ್ ಮಾಡಿದರೆ ಅಕ್ಷರಗಳು ಧಾರಾಳವಾಗಿ ಒಳಗೆ ಬರುತ್ತಿದ್ದವು, ಆ ದಾರಿ ಕೀಪ್ರೆಸ್ ಮೂಲಕ ಹಾದುಹೋಗುವುದೇ ಇಲ್ಲ.

ಈವೆಂಟ್ ಮೆಥಡ್ ಬದಲಿಸುವಾಗ ಕೇಳಿಕೊಳ್ಳಬೇಕಾದದ್ದು ಇದು: ನಾನು ಕೈಹಾಕದ ಸಂದರ್ಭಗಳನ್ನೆಲ್ಲ ಮೂಲ ಕ್ಲಾಸಿಗೆ ಒಪ್ಪಿಸುತ್ತಿದ್ದೇನೆಯೇ? ಅದಕ್ಕೂ ಮೊದಲು, ಸಬ್‌ಕ್ಲಾಸ್ ನಿಜವಾಗಿ ಬೇಕೇ? ಅಂಕಿ ಮಾತ್ರ ಬೇಕೆಂದರೆ ಲೈನ್‌ಎಡಿಟ್‌ಗೆ ಒಂದು ವ್ಯಾಲಿಡೇಟರ್ (ಬರೆದದ್ದು ಸರಿಯೇ ಎಂದು ನೋಡುವ ಆಬ್ಜೆಕ್ಟ್) ಹಚ್ಚಿದರೆ ಮುಗಿಯಿತು, ಅಥವಾ ಅಂಕಿಗಾಗಿಯೇ ಇರುವ ಕ್ಯೂಸ್ಪಿನ್‌ಬಾಕ್ಸ್ ಇದೆ. ನಾನು ಸ್ಪಿನ್‌ಬಾಕ್ಸ್ ಆರಿಸಿದೆ. ಆದರೆ ಅದರದೊಂದು ಅಪಾಯವಿದೆ. ಕರ್ಸರ್ ಪೆಟ್ಟಿಗೆಯ ಮೇಲಿದ್ದಾಗ ಮೌಸಿನ ಚಕ್ರ ತಿರುಗಿದರೆ ದರ ಬದಲಾಗುತ್ತದೆ, ಗಿಜಿಗುಡುವ ಅಂಗಡಿಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲಿ ಸಬ್‌ಕ್ಲಾಸ್‌ಗೆ ನಿಜವಾದ ಕಾರಣ ಸಿಕ್ಕಿತು. ‘ದರಪೆಟ್ಟಿಗೆ’ ಎಂಬ ಕ್ಲಾಸಿನಲ್ಲಿ ‘ವೀಲ್‌ಈವೆಂಟ್’ ಬಂದರೆ ಇಗ್ನೋರ್ ಎನ್ನುತ್ತದೆ, ಈವೆಂಟ್ ಮೇಲಿನ ವಿಜೆಟ್ಟಿಗೆ ಹೋಗುತ್ತದೆ, ದರ ಅಲುಗುವುದಿಲ್ಲ. ಕ್ಲಾಸ್ ಇಷ್ಟೇ ಚಿಕ್ಕದು.

ಸ್ಪಿನ್‌ಬಾಕ್ಸಿನಲ್ಲೂ ಕ್ರಮ ಮುಖ್ಯ. ಅದರ ಡಿಫಾಲ್ಟ್ ಗರಿಷ್ಠ ಮಿತಿ 99. ಮಿತಿ ಏರಿಸುವ ಮುಂಚೆ ಬೆಲೆ ಹಾಕಿದರೆ ಎಷ್ಟೇ ಕೊಟ್ಟರೂ 99ಕ್ಕೆ ನಿಲ್ಲುತ್ತದೆ, ಎರರ್ ಕೂಡ ಬರುವುದಿಲ್ಲ. ಬ್ಯಾಡಗಿ ಕಾಯಿಯ ದರ ಕ್ವಿಂಟಲ್‌ಗೆ ಹತ್ತಾರು ಸಾವಿರ. ಆದ್ದರಿಂದ ಮಿತಿಯನ್ನು ದರಪೆಟ್ಟಿಗೆಯ ಇನಿಟ್‌ನಲ್ಲಿ ಸೂಪರ್‌ನ ಮರುಸಾಲಿಗೇ ಇಟ್ಟೆ. ಅದನ್ನು ಬಳಸುವವರು ಕ್ರಮ ನೆನಪಿಟ್ಟುಕೊಳ್ಳುವ ಕಷ್ಟವೇ ಬೇಡ.

ಎರಡು ಕಾಟಾ, ಒಂದೇ ಲಿಸ್ಟು

ಎರಡು ಕಾಟಾದ ಚೀಲಗಳು ಬೆರೆಯುತ್ತಿದ್ದುದಕ್ಕೆ ಕಾರಣ ಒಂದು ಸಾಲು. ‘ಚೀಲಗಳು’ ಎಂಬ ಖಾಲಿ ಲಿಸ್ಟನ್ನು ಇನಿಟ್ ಒಳಗೆ ಸೆಲ್ಫ್ ಮೇಲೆ ಇಡದೆ ಕ್ಲಾಸಿನ ಮೈಯಲ್ಲೇ ಬರೆದಿದ್ದರು. ಆಗ ಅದು ಕ್ಲಾಸಿನ ಸ್ವತ್ತು. ಎರಡು ಕಿಟಕಿ ತೆರೆದರೂ ಲಿಸ್ಟ್ ಒಂದೇ. ಇನಿಟ್‌ನ ಪ್ಯಾರಾಮೀಟರಿಗೆ ಡಿಫಾಲ್ಟ್ ಬೆಲೆಯಾಗಿ ಖಾಲಿ ಲಿಸ್ಟ್ ಕೊಟ್ಟರೂ ಇದೇ ಗತಿ.

ಅವರು ಹಾಗೆ ಬರೆದದ್ದರ ಹಿಂದೆ ಒಂದು ಗೊಂದಲ ಇದ್ದಿರಬಹುದು ಅನಿಸುತ್ತದೆ. ನಮ್ಮದೇ ಸಿಗ್ನಲ್ ಮಾಡುವಾಗ ಅದನ್ನು ಕ್ಲಾಸಿನ ಮೈಯಲ್ಲೇ ಬರೆಯಬೇಕು. ಇನಿಟ್ ಒಳಗೆ ಸೆಲ್ಫ್ ಮೇಲೆ ಇಟ್ಟರೆ ಅದಕ್ಕೆ ‘ಕನೆಕ್ಟ್’ ಎಂಬ ಅಟ್ರಿಬ್ಯೂಟೇ ಇಲ್ಲ ಎಂದು ಎರರ್ ಬರುತ್ತದೆ. ಸಿಗ್ನಲ್ ಕ್ಲಾಸಿನಲ್ಲಿ, ಬದಲಾಗುವ ಮಾಹಿತಿ ಸೆಲ್ಫ್‌ನಲ್ಲಿ. ಎರಡೂ ಪಕ್ಕಪಕ್ಕದ ಸಾಲಾಗಿ ಬಂದಾಗ ಹೊಸಬರಿಗೆ ಅದಲುಬದಲಾಗುವುದು ಸಹಜ.

ಹೆಸರುಗಳಲ್ಲೂ ಕಳೆ ಕೀಳುವುದಿತ್ತು. ‘ಸೆಲ್ಫ್.ಲೇಔಟ್’ ಎಂಬ ಹೆಸರಿಗೆ ಒಂದು ಲೇಔಟ್ ಆಬ್ಜೆಕ್ಟ್ ಕಟ್ಟಿದ್ದರಿಂದ ಕ್ಯೂವಿಜೆಟ್‌ನ ಲೇಔಟ್ ಮೆಥಡ್ ಮುಚ್ಚಿಹೋಗಿ, ಅದನ್ನು ಕರೆದ ಕಡೆಯೆಲ್ಲ ಎರರ್. ಸೈಜ್, ವಿಡ್ತ್, ಪೊಸ್, ಫಾಂಟ್, ಅಪ್‌ಡೇಟ್, ಈವೆಂಟ್, ಪೇರೆಂಟ್ ಇವೆಲ್ಲ ಕ್ಯೂಟಿಯವು, ನಮ್ಮ ಬಳಕೆಗೆ ಬೇಡ. ಪೈಥಾನ್ 3ರಲ್ಲಿ ಕನ್ನಡ ಲಿಪಿಯಲ್ಲೇ ಹೆಸರಿಡಲು ಬರುತ್ತದೆ, ಕ್ಯೂಟಿಯ ಹೆಸರಿಗೆ ಡಿಕ್ಕಿ ಹೊಡೆಯುವ ಭಯವೇ ಇಲ್ಲ. ಅರ್ಧಾಕ್ಷರ ಬಿಡಿಸಿ ತೋರಿಸಲು ಬಳಸುವ ಕಾಣದ ಚಿಹ್ನೆ ಮಾತ್ರ ಹೆಸರಿನಲ್ಲಿ ನಡೆಯುವುದಿಲ್ಲ. ಈ ಪ್ರೋಗ್ರಾಮಿನ ನಮ್ಮದೇ ಕ್ಲಾಸುಗಳಿಗೆ ಕನ್ನಡ ಹೆಸರನ್ನೇ ಉಳಿಸಿದ್ದೇನೆ, ಓದಲು ಹಿತವಾಗಿದೆ.

ಕಾಟಾ ಇನಿಟ್‌ನಿಂದ ಹೊರಗೆ

ಕಾಟಾ ಬಂದ್ ಇದ್ದರೆ ಪ್ರೋಗ್ರಾಮ್ ತೆರೆಯದಿರಲು ಕಾರಣ ಸರಳ. ತೂಕದ ಪರದೆಯ ಇನಿಟ್ ಸೀರಿಯಲ್ ಪೋರ್ಟ್ ತೆರೆದು ಮೊದಲ ಸಾಲು ಬರುವ ತನಕ ಕಾಯುತ್ತಿತ್ತು, ಟೈಮ್‌ಔಟ್ ಇರಲಿಲ್ಲ. ಆಗ ಇನ್ನೂ ಈವೆಂಟ್ ಲೂಪ್ (ಕೀಲಿ, ಮೌಸು, ಪರದೆಯ ಸುದ್ದಿಗಳನ್ನು ಒಂದೊಂದಾಗಿ ನೋಡಿಕೊಳ್ಳುವ ಸುತ್ತು) ಶುರುವಾಗಿಲ್ಲ, ಕಿಟಕಿ ಬಿಡಿಸಲು ಯಾರೂ ಇಲ್ಲ.

‘ಕಾಟಾ’ ಎಂಬ ಬೇರೆ ಕ್ಲಾಸ್ ಮಾಡಿದೆ. ಅದು ವಿಜೆಟ್ ಅಲ್ಲ, ಕ್ಯೂಆಬ್ಜೆಕ್ಟ್‌ನ ಸಬ್‌ಕ್ಲಾಸ್. ಅದರೊಳಗೆ ಕ್ಯೂಸೀರಿಯಲ್‌ಪೋರ್ಟ್ ಒಂದು ಸದಸ್ಯ. ಬೈಟುಗಳು ಬಂದಾಗ ‘ರೆಡಿರೀಡ್’ ಸಿಗ್ನಲ್ ಬರುತ್ತದೆ, ಪೂರ್ತಿ ಸಾಲು ಸೇರಿದೆಯೇ ಎಂದು ನೋಡಿ ಆಮೇಲಷ್ಟೇ ಓದುತ್ತೇನೆ. ಸೀರಿಯಲ್‌ನಲ್ಲಿ ಮಾಹಿತಿ ತುಂಡುತುಂಡಾಗಿ ಬರುತ್ತದೆ, ಅರ್ಧ ಸಾಲನ್ನು ತೂಕ ಎಂದು ಓದಿದರೆ ಅನರ್ಥ. ತೂಕ ಸಿಕ್ಕಾಗ ‘ತೂಕ ಬಂತು’ ಎಂಬ ಸಿಗ್ನಲ್ ಹೊರಡುತ್ತದೆ, ಪರದೆ ಅದನ್ನು ಕೇಳಿಸಿಕೊಳ್ಳುತ್ತದೆ. ಥ್ರೆಡ್ (ಪಕ್ಕದಲ್ಲೇ ಬೇರೆಯಾಗಿ ಓಡುವ ಕೆಲಸ) ಬೇಕಾಗಲಿಲ್ಲ. ಥ್ರೆಡ್ ಹಾಕಿದ್ದರೆ ಅದರೊಳಗಿಂದ ವಿಜೆಟ್ ಮುಟ್ಟದಂತೆ ಕಾಯುವ ಹೊರೆ ಹೆಚ್ಚಾಗುತ್ತಿತ್ತು.

ಪೋರ್ಟ್ ತೆರೆಯುವ ಕರೆ ಮುಖ್ಯ ಫಂಕ್ಷನ್ನಿನಲ್ಲಿದೆ. ಕಿಟಕಿಗೆ ಶೋ ಎಂದಾದ ಮೇಲೆ ಸೊನ್ನೆ ಮಿಲಿಸೆಕೆಂಡಿನ ಸಿಂಗಲ್‌ಶಾಟ್ ಟೈಮರ್ ಅದನ್ನು ಕರೆಯುತ್ತದೆ. ಈವೆಂಟ್ ಲೂಪ್ ಶುರುವಾದ ಮೇಲೆ ಅದರ ಸರದಿ. ‘ಶೋಈವೆಂಟ್’ ಒಳಗೆ ಇಡಲಿಲ್ಲ, ಕಿಟಕಿಯನ್ನು ಕೆಳಗಿಳಿಸಿ ಮತ್ತೆ ಮೇಲೆ ತಂದಾಗಲೂ ಅದು ಓಡುತ್ತದೆ. ಕಾಟಾ ಸಿಗದಿದ್ದರೆ ಮೇಲ್ಭಾಗದಲ್ಲಿ ಕೆಂಪು ಅಕ್ಷರದಲ್ಲಿ “ಕಾಟಾ ಸಿಕ್ಕಿಲ್ಲ” ಎಂದು ಬರುತ್ತದೆ, ಉಳಿದ ಕೆಲಸ ನಡೆಯುತ್ತದೆ. ಕಿಟಕಿ ಮುಚ್ಚುವಾಗ ‘ಕ್ಲೋಸ್‌ಈವೆಂಟ್’ನಲ್ಲಿ ಪೋರ್ಟ್ ಬಿಟ್ಟು, ಆಮೇಲೆ ಸೂಪರ್‌ಗೆ ದಾಟಿಸುತ್ತೇನೆ.

ಪಟ್ಟಿಯ ಮುನ್ನೋಟದ ಕಿಟಕಿಯೂ ಮಿಂಚಿ ಮರೆಯಾಗುತ್ತಿತ್ತು, ಅದನ್ನು ಸರಿಪಡಿಸುವುದು ಚಿಕ್ಕ ಕೆಲಸ. ಅದು ಒಂದು ಫಂಕ್ಷನ್ನಿನ ಲೋಕಲ್ ವೇರಿಯಬಲ್, ಪೇರೆಂಟ್ ಇಲ್ಲ. ಫಂಕ್ಷನ್ ಮುಗಿದಾಗ ಪೈಥಾನ್ ಅದನ್ನು ಗುಡಿಸಿಹಾಕುತ್ತದೆ. ಪೇರೆಂಟ್ ಕೊಟ್ಟೆ, ಮುಚ್ಚಿದಾಗ ಅಳಿಯುವಂತೆ ಗುರುತು ಹಾಕಿದೆ, ಸೆಲ್ಫ್ ಮೇಲೆ ಅದರ ಹೆಸರು ಇಡಲಿಲ್ಲ. ಅಳಿದ ಆಬ್ಜೆಕ್ಟನ್ನು ಹಳೆಯ ಹೆಸರಿನಿಂದ ಕರೆದರೆ ಮತ್ತೆ ರನ್‌ಟೈಮ್ ಎರರ್. ಟೇಬಲ್ಲಿನ ಕಾಲಂ ಅಗಲವನ್ನೂ ಇನಿಟ್‌ನಲ್ಲಿ ಲೆಕ್ಕ ಹಾಕುತ್ತಿದ್ದರು. ತೋರಿಸುವ ಮುಂಚೆ ಕೇಳಿದರೆ ಪೇರೆಂಟ್ ಇಲ್ಲದ ಕಿಟಕಿ 640 ಅಗಲ ಎನ್ನುತ್ತದೆ, ಪೇರೆಂಟ್ ಇರುವ ವಿಜೆಟ್ 100 ಎನ್ನುತ್ತದೆ. ಎರಡೂ ನಿಜವಾದ ಅಳತೆಯಲ್ಲ. ಹೆಡರ್‌ಗೆ ಸ್ಟ್ರೆಚ್ ಮೋಡ್ ಕೊಟ್ಟು ಆ ಲೆಕ್ಕವನ್ನೇ ತೆಗೆದೆ.

ಮಾರುಕಟ್ಟೆ ಇಲ್ಲದ ದಿನ ಅಂಗಡಿಯ ಎರಡೂ ಕಾಟಾ ಹಚ್ಚಿ, ಮೌಸಿನಲ್ಲೂ ಎಂಟರ್‌ನಲ್ಲೂ ಚೀಲ ಉಳಿಸಿ, ನಡುವೆ ಕೇಬಲ್ ಕಿತ್ತು ನೋಡಿದೆವು. ಗುಮಾಸ್ತರು ವಹಿ ಹಿಡಿದು ಸಾಲು ಸಾಲು ತಾಳೆ ನೋಡಿದರು, ಸರಿಬಂತು. ಆಮೇಲಿನ ಗುರುವಾರದಿಂದ ಹೊಸ ಕೋಡೇ ಓಡುತ್ತಿದೆ. ಉಳಿದಿರುವುದು ಕ್ಯೂಟಿ6ಕ್ಕೆ ಹೋಗುವ ಕೆಲಸ. ಅದಕ್ಕೆ ವಿಂಡೋಸ್ 10 ಬೇಕು. ಪೈಕ್ಯೂಟಿ6ರಲ್ಲಿ ಎನಮ್ (ಹೆಸರಿಟ್ಟ ಸ್ಥಿರ ಬೆಲೆಗಳ ಗುಂಪು) ಹೆಸರುಗಳನ್ನೆಲ್ಲ ಪೂರ್ತಿ ಬರೆಯಬೇಕು, ಈವೆಂಟ್ ಲೂಪ್ ಶುರು ಮಾಡುವ, ಕೊನೆಯಲ್ಲಿ ಅಂಡರ್‌ಸ್ಕೋರ್ ಇದ್ದ ‘ಎಕ್ಸೆಕ್’ ಅಲ್ಲಿ ಇಲ್ಲ. ಅಂಗಡಿಯವರು ಹೊಸ ಕಂಪ್ಯೂಟರ್ ತರಿಸಿದ ಮೇಲೆ ಅದನ್ನು ಕೈಗೆತ್ತಿಕೊಳ್ಳುತ್ತೇನೆ.